ಹತ್ತು ಮಂದಿ ಸಿಗದಿದ್ದರೆ ಫಿಸಿಕ್ಸ್ ಬಂದ್

ಕೊಳ್ಳೇಗಾಲದಲ್ಲಿ ಫಿಸಿಕ್ಸ್ ಮೇಷ್ಟ್ರಾಗಿರುವವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ಈ ಸಲ ಸರ್ಕಾರಿ ಲಕೋಟೆಯಲ್ಲಿ ಬಂತು. ನಮ್ಮ ಕಾಲೇಜಿನ ಬಿ.ಎಸ್ಸಿ.ಯಲ್ಲಿ ಈ ವರ್ಷ ಹತ್ತು ಮಂದಿಯಾದರೂ ಫಿಸಿಕ್ಸ್ ತೆಗೆದುಕೊಳ್ಳದಿದ್ದರೆ ವಿಭಾಗ ಮುಚ್ಚಲಾಗುವುದು, ಈಗಾಗಲೇ ಓದುತ್ತಿರುವವರು ಬೇರೆ ಊರಿನ ಕಾಲೇಜು ನೋಡಿಕೊಳ್ಳತಕ್ಕದ್ದು ಎಂದು ಒಕ್ಕಣೆ. ಅಷ್ಟು ಹೊತ್ತಿಗೆ ಸೇರಿದ್ದವರು ಏಳು ಮಂದಿ.

ಎರಡನೇ ವರ್ಷದಲ್ಲಿ ಗೋಪಿನಾಥಂ ಕಡೆಯ ಒಬ್ಬ ಹುಡುಗಿ ಇದ್ದಳು. ಇಲ್ಲಿನ ಹಾಸ್ಟೆಲಿಗೆ ಕಳಿಸಲು ಒಪ್ಪಿಸುವುದರಲ್ಲೇ ಅವಳಪ್ಪನಿಗೆ ಮೂರು ಸಲ ಕೈಮುಗಿದಿದ್ದೆ. ಬೇರೆ ಊರು ಅಂದರೆ ಅವಳ ಓದು ಅಲ್ಲಿಗೇ ಮುಗಿಯಿತು. ಸಹೋದ್ಯೋಗಿಗಳು ಮಾತ್ರ, "ವರ್ಗ ಮಾಡಿಸ್ಕೊಂಡು ಮೈಸೂರಲ್ಲಿ ಆರಾಮಾಗಿರಿ ಸಾರ್" ಅಂದರು. ನನಗೆ ರೇಗಿಹೋಯಿತು. "ಮುಚ್ಚೋರು ಬರಲಿ, ಲ್ಯಾಬಿನ ಬೀಗದಕೈ ನಾನು ಕೊಡೋದಿಲ್ಲ" ಅಂದೆ.

ಮೂರು ಗೆರೆ

ವಿಭಾಗಕ್ಕೆ ಕಂಟಕ ಬಂದಿದೆ ಎಂದು ಕೇಳಿ ನಮ್ಮ ಲ್ಯಾಬ್ ಅಟೆಂಡರ್ ತನ್ನ ಕೈಲಾದದ್ದು ಮಾಡಿದ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಉಪಕರಣಗಳಿಗೂ ಪೂಜೆಯಾಗಿತ್ತು. ತಕ್ಕಡಿಗೆ ಸೇವಂತಿಗೆ, ಬ್ಯಾಟರಿಗೆ ಕುಂಕುಮ. ಅದನ್ನೆಲ್ಲ ಸಹಿಸಿಕೊಂಡೆ. ಆದರೆ ಗ್ರೇಟಿಂಗ್ ಎಂಬ ಗಾಜಿನ ಚೂರಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದ. ಆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಸಾವಿರಾರು ಇರುತ್ತವೆ, ಬೆಳಕು ಅದರ ಮೂಲಕ ಹಾದರೆ ಬಣ್ಣಬಣ್ಣವಾಗಿ ಒಡೆಯುತ್ತದೆ. ಬೆರಳು ಕೂಡ ತಾಗಿಸಬಾರದ ಸಾಮಾನು.

"ಎಷ್ಟು ಸಲ ಹೇಳಿದ್ದೀನಿ ನಿನಗೆ, ಅದರ ಮೇಲೆ ಆಗಲೇ ಗೆರೆ ಇದಾವೆ ಅಂತ" ಎಂದು ಕೂಗಾಡಿದೆ.

ಅವನು ತಣ್ಣಗೆ ಹೇಳಿದ: "ಇಷ್ಟ್ ವರ್ಸ ಆ ಕಾಣ್ದಿರೋ ಗೆರೆನೇ ನಂಬ್ಕಂಡು ಇಲ್ಲಿಗ್ ಬಂದು ನಿಂತಿವಿ ಸಾ. ಕಾಣೋವೂ ಒಂದ್ ಮೂರು ಇರ್ಲಿ ಅಂತ ಎಳ್ದೆ."

ತೆಂಗಿನಕಾಯಿ

ಮಕ್ಕಳನ್ನು ಹುಡುಕಿಕೊಂಡು ಯಳಂದೂರಿನ ಕಡೆ ಒಬ್ಬ ಜಮೀನ್ದಾರರ ತೋಟಕ್ಕೆ ಹೋದೆ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ನಾನು ಹೋದಾಗ ಅಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವವನು ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಿದ್ದ. ಕಾಯಿ ಎದ್ದು ನಿಂತ ಕಡೆ ನೀರು. ಬಂದ ಕೆಲಸ ಮಾಡಿಕೊಂಡು ಸುಮ್ಮನೆ ಹೋಗುವ ಬುದ್ಧಿ ನನಗೆಲ್ಲಿಂದ ಬರಬೇಕು? "ಇವನ ಕಣ್ಣು ಕಟ್ಟಿ ಇನ್ನೊಂದು ಸಲ ನಡೆಸಿ ನೋಡೋಣ" ಅಂದೆ. ಯಜಮಾನರು ತಮ್ಮ ಟವಲನ್ನೇ ಕೊಟ್ಟರು. ಎರಡನೇ ಸಲ ಕಾಯಿ ಎದ್ದದ್ದು ದನದ ಕೊಟ್ಟಿಗೆಯ ಬಾಗಿಲಲ್ಲಿ. ಮೂರನೇ ಸಲ ಬೇಲಿ ದಾಟಿ ಪಕ್ಕದವರ ಹೊಲದಲ್ಲಿ.

"ನೋಡಿದಿರಾ?" ಎಂದು ಗೆದ್ದವನ ಹಾಗೆ ಕೇಳಿದೆ.

ಯಜಮಾನರು ಟವಲನ್ನು ಬಿಚ್ಚಿಕೊಂಡು, "ಅಲ್ಲ ಸಾ, ಕಣ್ಗೇ ಬಟ್ಟೆ ಕಟ್ಬುಟ್ರೆ ಪಾಪ ತೆಂಗಿನ್‌ಕಾಯ್ಗೆ ಎಂಗ್ ದಾರಿ ಗೊತ್ತಾದಾದು?" ಅಂದರು.

ಮಗಳನ್ನು ಮಾತ್ರ ಕಳಿಸಿಕೊಟ್ಟರು. ಊರವರ ಮುಂದೆ ಇಷ್ಟು ಧೈರ್ಯವಾಗಿ ಜಗಳ ಆಡುವುದನ್ನು ಕಲಿತರೂ ಸಾಕಂತೆ.

ಪುಸ್ತಕದ ಪರೀಕ್ಷೆ

ಕೊಳ್ಳೇಗಾಲದಲ್ಲೇ ರೇಷ್ಮೆ ಸೀರೆ ನೇಯುವವರ ಮನೆ. ಮಗನಿಗೆ ಫಿಸಿಕ್ಸ್ ಮೇಲೆ ಆಸೆ, ಅಪ್ಪನಿಗೆ ಅನುಮಾನ. ಮಗ್ಗದ ಮುಂದೆ ಕುಳಿತು ನಾನು ಬಿಗಿಯಾದ ಎಳೆಗೂ ಅದು ಮಿಡಿಯುವ ಶಬ್ದಕ್ಕೂ ಇರುವ ಸಂಬಂಧದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದೆ. ಹಾಳೆಯ ತುಂಬ ಸೂತ್ರ ಬರೆದು, ಬಿಗಿ ಕಡಿಮೆಯಾದರೆ ಶಬ್ದ ಇಳಿಯಬೇಕು ಎಂದು ಸಾಧಿಸಿ ತೋರಿಸಿದೆ. ಅಪ್ಪ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬೆರಳಾಡಿಸಿ, ಕಿವಿಗೊಟ್ಟು, ನಡುವೆ ಎರಡು ಎಳೆ ಹಿಡಿದು, "ಇವು ಸಡ್ಲ" ಎಂದು ಬಿಗಿಮಾಡಿದರು. ಆಮೇಲೆ ನನ್ನ ಹಾಳೆ ನೋಡಿ, "ಇದ್ರಲ್ಲೂ ಅಂಗೇ ಬಂದದಾ ಸಾ?" ಎಂದು ಕೇಳಿದರು.

"ಹೌದು, ಹಾಗೇ ಬಂದಿದೆ" ಅಂದೆ.

"ಅಂಗಾರೆ ನಿಮ್ ಪುಸ್ತಕ ಸರಿಯಾಗೇ ಅದೆ. ಹುಡುಗನ್ನ ಕಳುಸ್ತೀನಿ."

ಕಬ್ಬಿಣದ ಗುಂಡು

ಇಷ್ಟೆಲ್ಲ ಆದರೂ ಒಂಬತ್ತೇ. ಹನೂರು, ಅಜ್ಜೀಪುರ, ಧನಗೆರೆ ಎಲ್ಲ ಸುತ್ತಿದರೂ ಹತ್ತನೆಯವರು ಸಿಗಲಿಲ್ಲ. ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದೇ ಬಿಟ್ಟರು. "ನಾನೂ ಫಿಸಿಕ್ಸ್ ಎಂ.ಎಸ್ಸಿ.ನೇ ಕಣ್ರಿ, ನನಗೂ ಹೊಟ್ಟೆ ಉರಿಯತ್ತೆ. ಆದರೆ ನಿಯಮ ಅಂದರೆ ನಿಯಮ" ಎಂದು ಫೈಲು ಬಿಚ್ಚಿದರು.

"ನಿಯಮಾನೇ ನೋಡೋಣ ಬನ್ನಿ" ಎಂದು ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಸೂರಿನ ಕೊಕ್ಕೆಗೆ ಹಗ್ಗ ಕಟ್ಟಿ ಹತ್ತು ಕಿಲೋ ಕಬ್ಬಿಣದ ಗುಂಡು ನೇತುಹಾಕಿದ್ದೆ. ಅದನ್ನು ಮೂಗಿನ ತುದಿಗೆ ತಂದು, ತಳ್ಳದೆ ಬಿಟ್ಟು, ಅಲ್ಲಾಡದೆ ನಿಲ್ಲಬೇಕು. ಆ ಕಡೆ ಹೋದ ಗುಂಡು ವಾಪಸ್ ಬರುವಾಗ ಹೊರಟ ಜಾಗಕ್ಕಿಂತ ಒಂದು ಕೂದಲೆಳೆ ಆಚೆಗೇ ನಿಲ್ಲುತ್ತದೆ, ಮೂಗಿಗೆ ತಾಗುವುದಿಲ್ಲ. ಪ್ರಕೃತಿಯ ನಿಯಮ, ತಿದ್ದುಪಡಿ ಇಲ್ಲ.

"ಇದನ್ನ ನಾನೇ ಹತ್ತು ವರ್ಷ ಪಾಠ ಮಾಡಿದ್ದೀನಿ" ಎಂದು ನಗುತ್ತಾ ಅಧಿಕಾರಿ ಗುಂಡು ಬಿಟ್ಟರು. ಅದು ಹೋಯಿತು, ತಿರುಗಿತು. ಬರುವಷ್ಟರಲ್ಲಿ ಅವರು ಬೀರುವಿನ ಹಿಂದೆ ಇದ್ದರು.

ಯಾರೂ ನಗಲಿಲ್ಲ. ನಗು ತಡೆದುಕೊಂಡು ಅಟೆಂಡರನ ಕಣ್ಣಲ್ಲಿ ನೀರು ಬಂದಿತ್ತು. ಆಗ ಗೋಪಿನಾಥಂ ಕಡೆಯ ಹುಡುಗಿ ಮುಂದೆ ಬಂದಳು. ಜಡೆ ಹಿಂದಕ್ಕೆ ಹಾಕಿಕೊಂಡು, ಗುಂಡನ್ನು ಮೂಗಿಗೆ ತಂದು ಬಿಟ್ಟಳು. ಅದು ಗಾಳಿ ಸೀಳಿಕೊಂಡು ವಾಪಸ್ ಬಂದು, ಮೂಗಿನ ಮುಂದೆ ತಡೆದು, ಹಿಂದಕ್ಕೆ ಹೋಯಿತು. ಅವಳು ರೆಪ್ಪೆ ಕೂಡ ಮಿಟುಕಿಸಲಿಲ್ಲ. ನಾನೇ ಎರಡು ಹೆಜ್ಜೆ ಹಿಂದೆ ಸರಿದಿದ್ದೆ, ಸುಳ್ಳು ಯಾಕೆ ಹೇಳಲಿ.

ಅಧಿಕಾರಿ ಬೀರುವಿನಿಂದ ಈಚೆ ಬಂದು, ಕನ್ನಡಕ ಒರೆಸಿಕೊಂಡು, ಫೈಲಿನಲ್ಲಿ "ಸಂಖ್ಯೆ ಒಂಬತ್ತಾದರೂ ಇನ್ನೊಂದು ವರ್ಷ ಮುಂದುವರಿಸಬಹುದು" ಎಂದು ಬರೆದು ಸಹಿ ಹಾಕಿದರು. ಆಮೇಲೆ ಮೆಲ್ಲಗೆ ಅವಳನ್ನು ಕೇಳಿದರು: "ಅಲ್ಲಮ್ಮ, ಮುಖಕ್ಕೇ ಬಂದುಬಿಟ್ಟರೆ ಅಂತ ಒಂಚೂರೂ ಭಯ ಆಗಲಿಲ್ಲವಾ?"

"ಯಾಕ್ ಸಾ ಭಯ? ನಮ್ಮೂರ್ ಬಸ್ಸೂ ಇಂಗೇಯ. ಒತ್ತಾರೆ ನಮ್ ಮನೆ ಮುಂದ್ಲಿಂದ್ಲೇ ಓಯ್ತದೆ, ಸಂದ್ಯಾಕೆ ಬರುವಾಗ ಒಂದ್ ಮೈಲಿ ಆಚೆಗೇ ನಿಂತ್ಕತದೆ. ಈ ಗುಂಡೂ ಸರ್ಕಾರದ್ದೇ ಅಲ್ವಾ?"