ಕಪ್ಪು ಸ್ಕ್ರೀನ್ ನಾನು ಬಿಡಲ್ಲ

ಜಯನಗರದ ನಮ್ಮ ಆಫೀಸಲ್ಲಿ ಏನಾದ್ರೂ ಎಡವಟ್ಟಾಗದೆ ಇರೋ ವಾರಾನೇ ಇಲ್ಲ. ಕಾರಣ ನಾನಂತೆ. ಎಲ್ಲರೂ ಬಣ್ಣಬಣ್ಣದ ಎಡಿಟರ್‌ನಲ್ಲಿ ಮೌಸ್ ಹಿಡ್ಕೊಂಡು ಟೈಪ್ ಮಾಡ್ತಾರೆ. ನಾನು ಮಾತ್ರ ಇನ್ನೂ ವಿಮ್ ಅನ್ನೋ ಹಳೇ ಎಡಿಟರ್‌ನ ಕಪ್ಪು ಸ್ಕ್ರೀನಲ್ಲೇ ಇದ್ದೀನಿ. ಅದರಲ್ಲಿ ಹುಡುಕೋದು, ತಿದ್ದೋದು, ಅಳಿಸೋದು ಎಲ್ಲಾ ಕೀಬೋರ್ಡಲ್ಲೇ.

ಹೊಸದಾಗಿ ಬಂದ ಮ್ಯಾನೇಜರ್ ಮೇಡಂ, "ಇನ್ನೊಂದು ಎಡವಟ್ಟಾದ್ರೆ ಆ ವಿಮ್ ತೆಗೆಸ್ಬಿಡ್ತೀನಿ" ಅಂದ್ರು.

"ನೋಡೋಣ ಮೇಡಂ" ಅಂದೆ.

ಸೋಪು

ಬಸ್ಸಲ್ಲಿ ಫ್ರೆಂಡ್ ಜೊತೆ ಫೋನಲ್ಲಿ, "ಯಾರೇನೇ ಅನ್ಲಿ ಗುರು, ವಿಮ್ ಇಲ್ದೆ ನನ್ ಕೈಲಿ ಕೆಲಸ ಆಗಲ್ಲ" ಅಂತಿದ್ದೆ.

ಮುಂದಿನ ಸೀಟಿನ ಆಂಟಿ ತಿರುಗಿ ನೋಡಿದ್ರು. "ಪಾತ್ರೆ ತೊಳೆಯೋದ್ರಲ್ಲಿ ನಾಚಿಕೆ ಏನಪ್ಪಾ? ಸೋಪು ಮಾತ್ರ ಜಾಸ್ತಿ ಹಾಕ್ಬೇಡ."

ನಮ್ಮ ಟೀಮಿಗಿಂತ ಅವರೇ ವಾಸಿ. ಬಿಟ್ಬಿಡು ಅನ್ನಲಿಲ್ಲ.

ಹೊರಗೆ ಬರೋ ದಾರಿ

ಪಕ್ಕದ ಟೇಬಲ್‌ನವನು ಗೊಟ್ಟಿಗೆರೆ ಕಡೆಯೋನು. ಒಂದಿನ ಗೊತ್ತಿಲ್ದೆ ವಿಮ್ ಓಪನ್ ಮಾಡಿ ಒಳಗೇ ಸಿಕ್ಕಾಕೊಂಡ.

"ಅಣ್ಣಾ, ಹೊರಗೆ ಬರೋದು ಹೆಂಗೆ?"

"ಎಸ್ಕೇಪ್ ಒತ್ತು. ಆಮೇಲೆ ಕೋಲನ್, ಕ್ಯು, ಎಂಟರ್."

"ಬಿಡ್ತಿಲ್ಲಣ್ಣ."

"ಏನೋ ಟೈಪ್ ಮಾಡಿರ್ತೀಯ. ಕ್ಯು ಪಕ್ಕ ಆಶ್ಚರ್ಯಸೂಚಕ ಹಾಕು."

"ನಂಗೆ ಬೆಳಗ್ಗೆಯಿಂದ ಬರೀ ಆಶ್ಚರ್ಯಾನೇ. ಅದು ಸಾಲಲ್ವಾ?"

ಸರ್ ಹೋಗಿ ಮೇಡಂ

ಆಫೀಸಿಗೆಲ್ಲಾ ಒಂದು ನೋಟೀಸ್ ಕಳಿಸ್ಬೇಕಿತ್ತು. ಹಳೇದೇ ಇತ್ತು, ಆದ್ರೆ ಹಳೇ ಮ್ಯಾನೇಜರ್ ಗಂಡಸು. ನೋಟೀಸ್ ತುಂಬಾ "ಸರ್‌ಗೆ ತಿಳಿಸಿ", "ಸರ್ ಅನುಮತಿ ಪಡೆಯಿರಿ" ಅಂತಿತ್ತು. ವಿಮ್ ಇರೋದೇ ಇಂಥದ್ದಕ್ಕೆ. ಹೊಡೆದೆ ಒಂದು ಕಮಾಂಡ್:

:%s/ಸರ್/ಮೇಡಂ/g

ಅಂದ್ರೆ ಫೈಲಲ್ಲಿ ಎಲ್ಲೆಲ್ಲಿ ಸರ್ ಇದೆಯೋ ಅಲ್ಲೆಲ್ಲಾ ಮೇಡಂ. ಓದಿ ನೋಡದೆ ಕಳಿಸಿದೆ. ಐದು ನಿಮಿಷಕ್ಕೆ ಮೇಡಂ ರೂಮಿಂದ ಕರೆ ಬಂತು. ಲ್ಯಾಪ್‌ಟಾಪ್ ತಗೊಂಡು ಹೋದೆ.

"ಜೋರಾಗಿ ಓದ್ರೀ ಇದನ್ನ."

ಓದಿದೆ. "ನಮ್ಮ ಮೇಡಂವರ್ ತುಂಬಾ ಹಳೆಯದು. ಆಗಾಗ ಬಿಸಿಯಾಗಿ ನಿಂತುಹೋಗುತ್ತದೆ. ಶನಿವಾರ ಆಫ್ ಮಾಡಿ ಧೂಳು ಹೊಡೆಯಲಾಗುವುದು."

"ಏನ್ರೀ ಇದು?"

"ಸರ್ವರ್ ಅಂತ ಇತ್ತು ಮೇಡಂ. ಅದರೊಳಗಿದ್ದ ಸರ್ ಕೂಡ ಹೋಯ್ತು. ಪೂರ್ತಿ ಪದ ಮಾತ್ರ ನೋಡು ಅಂತ ನಾನು ಹೇಳಲಿಲ್ಲ, ಅದು ನೋಡಲಿಲ್ಲ. ವಿಮ್‌ದೇನೂ ತಪ್ಪಿಲ್ಲ."

"ಇಷ್ಟಾದ್ರೂ ಅದನ್ನ ಬಿಡಲ್ವಾ?"

"ಬಿಡಲ್ಲ ಮೇಡಂ. ಯು ಅಂತ ಒಂದು ಕೀ ಒತ್ತಿದ್ರೆ ಮೇಡಂವರ್ ವಾಪಸ್ ಸರ್ವರ್ ಆಗುತ್ತೆ. ನೋಡಿ ಬೇಕಾದ್ರೆ." ಒತ್ತಿ ತೋರಿಸಿದೆ.

ಮೇಡಂ ಬಗ್ಗಿ ಸ್ಕ್ರೀನ್ ನೋಡಿದ್ರು. "ಸರಿ, ಇಟ್ಕೊಳ್ಳಿ. ಆದ್ರೆ ಶನಿವಾರ ನಾನು ಆಫೀಸಿಗೆ ಬರಲ್ಲ. ನೋಟೀಸ್ ಓದ್ಕೊಂಡು ಯಾರಾದ್ರೂ ಪೊರಕೆ ತಗೊಂಡ್ ಬಂದ್ರೆ ಕಷ್ಟ."