ನಕ್ಷೆಗೆ ಬಿದ್ದ ಓಣಿ

ಅದು ಓಣಿಯೋ, ಕೂದಲೋ? ಓಣಿಯಾಗಿದ್ದರೆ ಎರಡು ತುದಿಯೂ ಯಾವುದಾದರೂ ರಸ್ತೆಗೆ ಸೇರಬೇಕಿತ್ತು. ಕೂದಲಾಗಿದ್ದರೆ ತುದಿ ಸುರುಳಿ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡಿತ್ತಲ್ಲ!

ನಕ್ಷೆ ಕಚೇರಿಯ ಗುಮಾಸ್ತ ಹಲ್ಲುಜ್ಜುತ್ತ ಕನ್ನಡಿಯಲ್ಲಿ ತಲೆ ನೋಡಿಕೊಂಡ. ಹಳೆಯ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗೆರೆ ತಿದ್ದಿ, ಮನೆಗಳನ್ನು ಒಂದು ಪದರದಲ್ಲಿ, ರಸ್ತೆಗಳನ್ನು ಇನ್ನೊಂದು ಪದರದಲ್ಲಿ ಕೂರಿಸುವುದು ಅವನ ಕೆಲಸ. ಹೋದ ವಾರ ತಮ್ಮದೇ ಬೀದಿಯ ಹಾಳೆಯಲ್ಲಿ ಕಂಡ ಕಪ್ಪು ಗೆರೆಯೊಂದನ್ನು ರಸ್ತೆಯ ಪದರಕ್ಕೆ ಸೇರಿಸಿದ್ದ. ನಕ್ಷೆಯ ಅಳತೆಯಲ್ಲಿ ಅದು ವ್ಯಾನು ಹೋಗುವಷ್ಟು ಅಗಲ. ತಲೆಯಲ್ಲಿ ಉಳಿದಿದ್ದ ಕೂದಲೇ ಬೆರಳೆಣಿಕೆಯಷ್ಟು. ಅದರಲ್ಲೂ ಒಂದು ಕಡಿಮೆಯಾದಂತೆ ಕಂಡಿತು. ಆ ನಕ್ಷೆ ಜನರ ಫೋನುಗಳಿಗೆ ಹೋಗುವ ದಿನ ಇವತ್ತು. ಅವನ ಕೆಲಸ ಕಾಯಂ ಆಗಬೇಕಾದ ದಿನವೂ ಇವತ್ತೇ.

ಹೊರಗೆ ದಡಾರ್ ಎಂದಿತು.

ಪಕ್ಕದ ಮನೆಯ ಟೀಚರಮ್ಮನ ಬೇಲಿ ಮುರಿದು, ಪಾರ್ಸೆಲ್ ವ್ಯಾನೊಂದು ಹೂವಿನ ಪಾತಿಯ ನಡುವೆ ನಿಂತಿತ್ತು.

"ಕಣ್ಣೇನು ಮನೇಲಿಟ್ಟು ಬಂದ್ಯಾ?"

"ಮ್ಯಾಪಲ್ಲಿ ರಸ್ತೆ ಇದೆ ಅಮ್ಮಾ. ನೀವೇ ರಸ್ತೆ ಮೇಲೆ ಗಿಡ ನೆಟ್ಟಿದ್ದೀರಿ!"

"ನಮ್ಮ ನಕ್ಷೆಯಪ್ಪನ್ನೇ ಕೇಳಿ, ಅವನ ಕಚೇರಿದೇ ತಾನೇ?" ಎಂದು ಎದುರುಮನೆಯ ದರ್ಜಿ ಕೂಗುವಷ್ಟರಲ್ಲಿ ಗುಮಾಸ್ತ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಕಚೇರಿಗೆ ಓಡಿದ್ದ.

ರಸ್ತೆಯ ಪದರಕ್ಕೆ ಆಗಲೇ ಬೀಗ ಬಿದ್ದಿತ್ತು. ಇನ್ನು ಒಂದು ಚುಕ್ಕೆ ಅಳಿಸಲೂ ಸಾಹೇಬರ ಒಪ್ಪಿಗೆ ಬೇಕು. ಸಾಹೇಬರ ಮೇಜಿನ ಮೇಲೆ ಅವನ ಕಾಯಂ ಆದೇಶ ಸಹಿಗೆ ಕಾಯುತ್ತಿತ್ತು.

"ಸರ್, ಒಂದು ಓಣಿ ಅಳಿಸ್ಬೇಕಿತ್ತು."

"ಯಾಕಯ್ಯ, ನಿಂಗೇನು ಮಾಡ್ತು ಅದು?"

ಅವನು ಮೇಜಿನ ಮೇಲಿದ್ದ ಆದೇಶವನ್ನೊಮ್ಮೆ ನೋಡಿದ. "ಒಂದ್ಸಲ ಸ್ಥಳ ಪರಿಶೀಲನೆ ಮಾಡಿದ್ರೆ ಒಳ್ಳೇದು ಅಂತ..."

"ಈಗಲೇ ಮಾಡೋಣ ನಡಿ. ಸರಿಯಿದ್ರೆ ಅಲ್ಲೇ ಸಹಿ. ತಪ್ಪಿದ್ರೆ ನಾಳೆಯಿಂದ ಬರ್ಬೇಡ."

ಜೀಪು ಅವನ ಬೀದಿಗೇ ಬಂದು ನಿಂತಿತು.

ಅಷ್ಟರೊಳಗೆ ಹದಿನಾರು ವ್ಯಾನು, ಲೆಕ್ಕವಿಲ್ಲದಷ್ಟು ಬೈಕು ಓಡಾಡಿ ಹೂವಿನ ಪಾತಿ ಚಾಪೆಯಂತೆ ಮಲಗಿತ್ತು. ಬೈದು ಸುಸ್ತಾದ ಟೀಚರಮ್ಮ ಹಳೆಯ ಅಡಿಕೋಲು ಹಿಡಿದು, "ಸಾಲಾಗಿ ಬನ್ನಿ! ನುಗ್ಗಬೇಡಿ!" ಎಂದು ವಾಹನಗಳಿಗೆ ಶಿಸ್ತು ಕಲಿಸುತ್ತಿದ್ದರು. ದರ್ಜಿ ತನ್ನ ಬೋರ್ಡನ್ನು ಹೊಸ ಓಣಿಯ ಕಡೆಗೆ ತಿರುಗಿಸಿದ್ದ.

"ಬಸ್ ಸ್ಟಾಪ್ ಈಗ ಎರಡೇ ನಿಮಿಷ, ಸಾರ್!" ಎಂದ.

ಸಾಹೇಬರು ಫೋನು ಹಿಡಿದು ನಡೆದರು. "ನಕ್ಷೆಗೂ ನೆಲಕ್ಕೂ ಎಳ್ಳಷ್ಟೂ ವ್ಯತ್ಯಾಸ ಇಲ್ವಲ್ಲೋ!" ಜೀಪಿನ ಬಾನೆಟ್ಟಿನ ಮೇಲೆಯೇ ಸಹಿ ಬಿತ್ತು. ಗುಮಾಸ್ತ ಅದಲುಬದಲಾಗಿದ್ದ ಚಪ್ಪಲಿಯನ್ನು ಆಗ ಸರಿಮಾಡಿ ಮೆಟ್ಟಿಕೊಂಡ.

ಸಾಹೇಬರು ಇನ್ನೂ ನಾಲ್ಕು ಹೆಜ್ಜೆ ಹೋಗಿ ನಿಂತರು.

"ಓಣಿ ಇಲ್ಲಿಂದ ಸುರುಳಿಯಾಗಿ ಮುಂದೆ ಹೋಗುತ್ತೆ. ಯಾವನೋ ಭೂಪ ಅದರ ಮೇಲೇ ಅಡುಗೆಮನೆ ಕಟ್ಟಿದ್ದಾನೆ. ಒತ್ತುವರಿ! ಒಡೆಯೋಕೆ ನೋಟಿಸ್ ಬರಿ. ಕಾಯಂ ಆದ್ಮೇಲೆ ಇದೇ ನಿನ್ನ ಮೊದಲ ಕೆಲಸ."

ಅಡುಗೆಮನೆಯ ಕಿಟಕಿಯಲ್ಲಿ ಸೌಟು ಹಿಡಿದ ಗುಮಾಸ್ತನ ಹೆಂಡತಿ ಕಾಣಿಸಿಕೊಂಡಳು. "ಏನ್ರೀ, ಸಾಹೇಬ್ರು ಏನಂತಾರೆ?"

ಅವನು ತಲೆ ಸವರಿಕೊಂಡ. ಇನ್ನೊಂದು ಕೂದಲು ಉದುರಿ ನೋಟಿಸಿನ ಹಾಳೆಯ ಮೇಲೆ ಬಿತ್ತು. ಈ ಸಲ ಅದನ್ನು ಊದಿ, ಬರೆಯತೊಡಗಿದ. ಆ ಓಣಿ ತನ್ನ ತಲೆಯಿಂದ ಉದುರಿದ್ದು ಎಂದು ಅವನು ಕೊನೆಗೂ ಯಾರಿಗೂ ಹೇಳಲಿಲ್ಲ.