ಸರ್ವರಿನ ಆಯುಧಪೂಜೆ

ಎಂಟರ್ ಒತ್ತಲೋ, ಬೇಡವೋ? ಇವು ಯಾರಿಗೂ ಬೇಡದವು ಎಂದು ಸರ್ವರ್ ಹೇಳುತ್ತಿದೆ, ನಿಜ. ಆದರೆ ಯಾರಿಗೂ ಬೇಡದವರು ಅಂತ ಲೋಕದಲ್ಲಿ ಇರುತ್ತಾರೆಯೇ?

ಕಪ್ಪು ತೆರೆಯ ಮೇಲೆ, ಬೇರೆ ಪ್ರೋಗ್ರಾಮುಗಳಿಗೆ ಆಧಾರವಾಗುವ ಹಳೆಯ ಲೈಬ್ರರಿ ಪ್ಯಾಕೇಜುಗಳ ಹೆಸರುಗಳು ಸಾಲಾಗಿ ನಿಂತಿದ್ದವು. ಕೊನೆಗೆ, ಎಲ್ಲವನ್ನೂ ತೆಗೆದುಬಿಡಲೇ ಎಂಬ ಪ್ರಶ್ನೆ. ದಿಶಾಂತನಿಗೆ ಅವು ಮದುವೆಯ ಪಂಕ್ತಿಯಲ್ಲಿ ಕೂತ ಅಪರಿಚಿತರಂತೆ ಕಂಡವು. ಹೆಣ್ಣಿನವರು ಅವರನ್ನು ಗಂಡಿನ ಕಡೆಯವರು ಅಂದುಕೊಳ್ಳುತ್ತಾರೆ, ಗಂಡಿನವರು ಹೆಣ್ಣಿನ ಕಡೆಯವರೆಂದು. ಎಲೆ ಮುಂದಿನಿಂದ ಎಬ್ಬಿಸುವುದು ಯಾರು?

“ಎಂತ ಮಾರಾಯ, ಕನಸು ಕಾಣುದಾ?” ಗುಮಾಸ್ತೆ ಹರಿಣಾಕ್ಷಿಯಕ್ಕ ಕಸ ಗುಡಿಸುವ ಹಿಡಿಸೂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಸಂಜೆ ಆಯುಧಪೂಜೆ. ಫ್ಯಾನು ಒರೆಸಿ ಆಯ್ತು, ತಕ್ಕಡಿ ತೊಳೆದು ಆಯ್ತು. ನಿನ್ನ ಆ ಡಬ್ಬದೊಳಗೆ ಮಾತ್ರ ಹಳೇ ಕಸ ಉಂಟು.”

ಕಡಬದ ಕಡೆಯ ಆ ಹಾಲು ಸಂಘದಲ್ಲಿ ದಿಶಾಂತ್ ಕಂಪ್ಯೂಟರ್ ನೋಡಿಕೊಳ್ಳುವ ತಾತ್ಕಾಲಿಕ ನೌಕರ. ಅಧ್ಯಕ್ಷ ಮೇದಪ್ಪ ಗೌಡರು ಪೂಜೆಗೆ ಬಂದಾಗ ಅವನನ್ನು ಕಾಯಂ ಮಾಡುತ್ತಾರೆಂದು ಸುದ್ದಿ. ಕಸ ಇಟ್ಟುಕೊಂಡವನೆಂಬ ಹೆಸರು ಇವತ್ತು ಬೇಡ. ಎಂಟರ್ ಒತ್ತಿದ. ಹೊಳೆಗೆ ಬಿದ್ದ ಹೂಗಳ ಹಾಗೆ ಹೆಸರುಗಳು ಒಂದೊಂದಾಗಿ ಸರಿದು ಮರೆಯಾದವು. ಎಷ್ಟು ಚೆಂದದ ಮೌನ, ಅನಿಸಿತು.

ಸಂಜೆ ಹಾಲು ಬಂದಾಗ ಆ ಮೌನ ಇನ್ನೂ ಆಳವಾಯಿತು. ಕ್ಯಾನು ತಕ್ಕಡಿಗೇರಿದರೂ ಅಳತೆಯ ಚೀಟಿ ಬರಲಿಲ್ಲ. ಹಾಲು ಅಳೆಯುವ ಪ್ರೋಗ್ರಾಮನ್ನು ಹಿಂದೆ ಯಾರೋ ಕೈಯಾರೆ ತಂದಿಟ್ಟು ಹೋಗಿದ್ದರು. ಅದು ಯಾವ ಲೈಬ್ರರಿಯನ್ನು ನಂಬಿಕೊಂಡಿದೆ ಎಂದು ಸರ್ವರ್‌ಗೆ ತಿಳಿಸಿರಲಿಲ್ಲ. ತೆಗೆದುಹಾಕಿದವುಗಳ ಜೊತೆ ಆ ಲೈಬ್ರರಿಯೂ ಹೋಗಿತ್ತು. ಪಾಪ, ಸರ್ವರ್ ತನಗೆ ಗೊತ್ತಿದ್ದಷ್ಟು ನಿಜ ಹೇಳಿತ್ತು.

“ಇನ್ನು ಮೊಸರಾದ ಮೇಲೆ ಅಳೆಯುದಾ?” ಹಾಲು ತಂದ ನೆಬೀಸ ಕೇಳಿದಳು.

“ಒಮ್ಮೆ ತಟ್ಟಿ ನೋಡು ಮಾರಾಯ. ನನ್ನ ವ್ಯಾನಿನ ರೇಡಿಯೋ ಹಾಗೇ ಸರಿಯಾಗುದು,” ಎಂದ ಹಾಲಿನ ವ್ಯಾನಿನ ಇಬ್ರಾಹಿಂ, ತಾನೇ ಎರಡು ತಟ್ಟಿಯೂ ಬಿಟ್ಟ.

ದಿಶಾಂತ್ ಲೈಬ್ರರಿಯನ್ನು ಮತ್ತೆ ತರಿಸಿದ. ಬಂದದ್ದು ಹೊಸ ಆವೃತ್ತಿ. ಪ್ರೋಗ್ರಾಮು ಪರಿಚಯವೇ ಇಲ್ಲದವರ ಹಾಗೆ ಮುಖ ತಿರುಗಿಸಿತು. ಹಳೆಯದೇ ಬೇಕೆಂದು ಆವೃತ್ತಿಯ ಸಂಖ್ಯೆ ಸಮೇತ ಬರೆದು ಕೇಳಿದ. ನೆಟ್‌ವರ್ಕು ಗುಡ್ಡ ಹತ್ತುವ ಗಬ್ಬದ ಹಸುವಿನಂತೆ ನಿಂತು ನಿಂತು ನಡೆಯಿತು.

ಅಷ್ಟರಲ್ಲಿ ಗೌಡರು ಬಂದೇಬಿಟ್ಟರು. “ಎಂತಾಯ್ತು?”

“ಪ್ರಾಣ ಹೋದ ಹಾಗೆ ಉಂಟು ಗೌಡ್ರೆ,” ಎಂದರು ಹರಿಣಾಕ್ಷಿಯಕ್ಕ. “ಪೂಜೆ ತಡ ಆದದ್ದಕ್ಕೇ ಹೀಗೆ.”

“ಹಾಗಾದ್ರೆ ಮೊದಲ ಪೂಜೆ ಇದಕ್ಕೇ ಆಗ್ಲಿ.”

ಸರ್ವರ್‌ಗೆ ಸೇವಂತಿಗೆ ಮಾಲೆ ಬಿತ್ತು. ಗಂಧದ ಬೊಟ್ಟು ಬಿದ್ದದ್ದು ತೆರೆಯಲ್ಲಿ ಹಳೆಯ ಲೈಬ್ರರಿ ಶೇಕಡಾ ಎಷ್ಟು ಬಂತೆಂದು ತೋರಿಸುವ ಜಾಗದ ಮೇಲೆಯೇ. ಊದುಬತ್ತಿಯ ಹೊಗೆ ಮೆಲ್ಲನೆ ಸುರುಳಿ ಸುತ್ತಿತು. ಆ ಹೊಗೆಯೊಳಗೆ ದಿಶಾಂತನಿಗೆ ತಾನೂ ಒಂದು ಪ್ಯಾಕೇಜೇ ಅನಿಸಿತು. ಯಾರು ತನ್ನನ್ನು ನಂಬಿಕೊಂಡಿದ್ದಾರೆಂದು ಯಾರೂ ಎಲ್ಲೂ ಹೇಳಿಟ್ಟಿಲ್ಲ. ಬೊಟ್ಟಿನಡಿಯಲ್ಲಿ ಏನೋ ಅಲುಗಿ ನಿಂತಿತು. ಬಂದಿರಬೇಕು. ಪ್ರೋಗ್ರಾಮನ್ನು ಮತ್ತೆ ಶುರುಮಾಡುವ ಆಜ್ಞೆ ಬರೆದು, ಮಾಲೆಯ ಮರೆಯಲ್ಲಿ ಎಂಟರ್ ಒತ್ತಿದ.

ಅದೇ ಗಳಿಗೆಗೆ ಗೌಡರು ಕಾಯಿ ಒಡೆದರು.

ಕರ್ರ್ ಎಂದು ಚೀಟಿ ಹೊರಬಂತು. ಎಲ್ಲರೂ ಕೈಮುಗಿದರು. “ನಾನು ತಟ್ಟಿದ್ದು ಈಗ ನಾಟಿದ್ದು,” ಎಂದ ಇಬ್ರಾಹಿಂ.

ಗೌಡರು ಕಾಯಿಯ ಒಂದು ಹೋಳನ್ನು ದಿಶಾಂತನ ಕೈಗಿಟ್ಟರು. “ನಿನ್ನನ್ನು ಕಾಯಂ ಮಾಡುದು ಅಂತಲೇ ಬಂದದ್ದು ನಾನು. ಈಗ ನೋಡಿದ್ರೆ ಇದಕ್ಕೆ ವರ್ಷಕ್ಕೊಂದು ಕಾಯಿ ಸಾಕಲ್ವಾ? ಸುಮ್ಮನೆ ಒಂದು ಜನ ಯಾಕೆ ಮಾರಾಯ?”

ದಿಶಾಂತ್ ಬಾಯಿ ತೆರೆದ. ಸರಿಮಾಡಿದ್ದು ನಾನು ಅಂದರೆ, ಕೆಟ್ಟದ್ದು ಹೇಗೆ ಎಂದು ಕೇಳುತ್ತಾರೆ. ಹರಿಣಾಕ್ಷಿಯಕ್ಕ ಬೆಲ್ಲದ ಅವಲಕ್ಕಿ ತಂದುಕೊಟ್ಟರು. ತೆರೆದ ಬಾಯಿಗೆ ಅದನ್ನೇ ಹಾಕಿಕೊಂಡ.